ಜವುಗು ಕಟ್ಟುವ ಪಾಚಿ: ಸ್ಫ್ಯಾಗ್ನಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಲ್ಕನಿಯಲ್ಲಿ ನಾಲ್ಕು ಆರ್ಕಿಡ್ ಇಟ್ಟುಕೊಂಡ ತಪ್ಪಿಗೆ ಈ ಪಾಚಿಯ ಸಹವಾಸಕ್ಕೆ ಬಿದ್ದೆ. ಕುಂಡಕ್ಕೆ ತುಂಬಲು ನರ್ಸರಿಯಿಂದ ತಂದ ಒಂದು ಒಣ ಪಾಚಿಯ ಇಟ್ಟಿಗೆಯಿಂದ ಶುರುವಾದದ್ದು, ಐರ್ಲೆಂಡಿನ ಬೆಟ್ಟದ ಮೇಲೆ ಮಂಡಿಯೂರಿ ಕೂತು ಹಸಿ ಪಾಚಿ ಹಿಂಡುವವರೆಗೆ ಹೋಯಿತು. ಗಿಡ ಬೆಳೆಸುವ ಗೆಳತಿಯರು, ನೆಂಟರು, ಪಕ್ಕದ ಮನೆಯ ಅಂಕಲ್ ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಪ್ರತಿ ಸಲ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಸ್ಫ್ಯಾಗ್ನಮ್ ಅಂದರೆ ಯಾವ ಪಾಚಿ? ನಮ್ಮ ಬಾವಿಕಟ್ಟೆಯ ಪಾಚಿನಾ?

ಅಲ್ಲ. ಹಸಿರಾಗಿ, ಕಾಲಿಟ್ಟರೆ ಜಾರುವ ಹಾಗಿದ್ದರೆ ಸಾಕು, ನಾವು ಎಲ್ಲವನ್ನೂ ಪಾಚಿ ಅಂದುಬಿಡುತ್ತೇವೆ. ಕೆರೆಯ ನೀರಿನ ಮೇಲೆ ತೇಲುವುದೂ ಪಾಚಿ, ಮಳೆಗಾಲದ ಅಂಗಳದ್ದೂ ಪಾಚಿ, ಹಳೇ ಹಂಚಿನ ಮೇಲೆ ಮೆತ್ತೆಯಂತೆ ಕೂತಿರುವುದೂ ಪಾಚಿ. ಕೆರೆಯದು ಆಲ್ಗೆ. ಹಂಚಿನ ಮೇಲಿನದು ಮಾಸ್, ಅಂದರೆ ಪುಟ್ಟ ಕಾಂಡ, ಪುಟ್ಟ ಎಲೆ ಇರುವ, ಹೂವು ಬೀಜ ಇಲ್ಲದ ಗಿಡ. ಸ್ಫ್ಯಾಗ್ನಮ್ ಈ ಮಾಸ್‌ಗಳ ಪೈಕಿ ಒಂದು.

ಇದರ ಕುಟುಂಬದ ಹೆಸರು ಸ್ಫ್ಯಾಗ್ನೇಸಿ. ಕುಟುಂಬ ಅಂತ ಹೆಸರಷ್ಟೇ, ಒಳಗೆ ಇರುವುದು ಸ್ಫ್ಯಾಗ್ನಮ್ ಅನ್ನುವ ಒಂದೇ ಕುಲ. ಆದರೆ ಆ ಒಂದರಲ್ಲೇ ಸುಮಾರು 300 ಜಾತಿಗಳಿವೆ. ಹೆಚ್ಚಿನವು ಉತ್ತರದ ತಂಪು ದೇಶಗಳಲ್ಲಿವೆ: ಕೆನಡಾ, ಸ್ಕ್ಯಾಂಡಿನೇವಿಯಾ, ರಷ್ಯಾ, ಸ್ಕಾಟ್ಲೆಂಡ್, ಐರ್ಲೆಂಡ್. ದಕ್ಷಿಣದಲ್ಲಿ ಚಿಲಿ ಮತ್ತು ನ್ಯೂಜಿಲೆಂಡಿನಲ್ಲೂ ಚೆನ್ನಾಗಿ ಬೆಳೆಯುತ್ತದೆ.

ನೋಡಿದ ಕೂಡಲೇ ಗುರುತು ಹಿಡಿಯಬಹುದಾ?

ಸ್ಫ್ಯಾಗ್ನಮ್ ಅಂತ ಗುರುತಿಸುವುದು ಸುಲಭ. ತುದಿಯಲ್ಲಿ ಅರೆಬಿರಿದ ಸೇವಂತಿಗೆಯಂಥ ಒಂದು ತಲೆ ಇರುತ್ತದೆ. ಅದರ ಕೆಳಗೆ ಕಾಂಡದುದ್ದಕ್ಕೂ ಗೊಂಚಲು ಗೊಂಚಲಾಗಿ ಚಿಕ್ಕ ರೆಂಬೆಗಳು. ಪ್ರತಿ ಗೊಂಚಲಲ್ಲೂ ಕೆಲವು ರೆಂಬೆ ಹೊರಗೆ ಚಾಚಿದರೆ, ಕೆಲವು ಕಾಂಡವನ್ನು ತಬ್ಬಿಕೊಂಡು ಕೆಳಗೆ ಇಳಿಬಿದ್ದಿರುತ್ತವೆ. ಬೇರು ಇಲ್ಲ. ಬಣ್ಣ ಹಸಿರೇ ಆಗಬೇಕೆಂದಿಲ್ಲ. ಹುಲ್ಲಿನ ಹಳದಿ, ಇಟ್ಟಿಗೆ ಕಂದು, ಬೀಟ್‌ರೂಟ್ ಕೆಂಪು ಎಲ್ಲವೂ ಇವೆ.

ಯಾವ ಜಾತಿ ಅನ್ನುವುದು ಮಾತ್ರ ತಲೆನೋವು. ಬಲ್ಲವರೂ ಸೂಕ್ಷ್ಮದರ್ಶಕ ಹಿಡಿದು ಕೂರುತ್ತಾರೆ. ಹೊಂಡಗಳಲ್ಲಿ ಬೆಳೆಯುವ ಸ್ಫ್ಯಾಗ್ನಮ್ ಕಸ್ಪಿಡೇಟಮ್ ಒಂದನ್ನು ನನ್ನಂಥವರೂ ಹೇಳಬಹುದು. ನೀರಿನಿಂದ ಎತ್ತಿದರೆ ಥೇಟ್ ತೊಯ್ದ ಬೆಕ್ಕಿನ ಮರಿ.

ಅಷ್ಟೊಂದು ನೀರನ್ನು ಎಲ್ಲಿ ಇಟ್ಟುಕೊಳ್ಳುತ್ತದೆ?

ಪುಸ್ತಕಗಳಲ್ಲಿ ತನ್ನ ಒಣ ತೂಕದ 20 ಪಟ್ಟು ನೀರು ಹೀರುತ್ತದೆ ಅಂತ ಬರೆದಿರುತ್ತಾರೆ. ನಾನು ನಂಬದೆ ಅಡುಗೆಮನೆಯ ತಕ್ಕಡಿ ತಂದೆ. 10 ಗ್ರಾಂ ಒಣ ಪಾಚಿಯನ್ನು ಪಾತ್ರೆಯಲ್ಲಿ ಅರ್ಧ ಗಂಟೆ ನೆನೆಸಿ, ಜರಡಿಯಲ್ಲಿ ಸೋಸಿ, ತೊಟ್ಟಿಕ್ಕುವುದು ನಿಂತ ಮೇಲೆ ತೂಗಿದರೆ 160 ಗ್ರಾಂ. ಅಂದರೆ 15 ಪಟ್ಟು ನೀರು, ಅದೂ ಒಣಗಿ ಮುರಿದು ಪುಡಿಯಾದ ಹಳೇ ಸ್ಟಾಕಿನಲ್ಲಿ.

ಗುಟ್ಟು ಎಲೆಯಲ್ಲಿದೆ. ಮಗನ ಶಾಲೆಯ ಪ್ರಾಜೆಕ್ಟಿಗೆ ಕೊಂಡಿದ್ದ ಸೂಕ್ಷ್ಮದರ್ಶಕದ ಕೆಳಗೆ ಒಂದು ಎಲೆ ಇಟ್ಟು ನೋಡಿದೆ. ಎಲೆಯ ದಪ್ಪ ಒಂದೇ ಒಂದು ಕೋಶ. ಹಸಿರು ಕೋಶಗಳು ದಾರದಂತೆ ಸಣ್ಣಗೆ, ಬಲೆ ಹೆಣೆದ ಹಾಗೆ. ಬಲೆಯ ಕಣ್ಣುಗಳ ಜಾಗದಲ್ಲಿ ದೊಡ್ಡ, ಬಣ್ಣವಿಲ್ಲದ, ಖಾಲಿ ಕೋಶಗಳು. ಅವು ಬೆಳೆದ ಮೇಲೆ ಸತ್ತು, ಒಳಗಿನದೆಲ್ಲ ಹೋಗಿ, ಬರೀ ಚಿಪ್ಪು ಉಳಿದವು. ಚಿಪ್ಪಿನ ಒಳಗೆ ಗಾಜಿನ ಬಳೆ ಜೋಡಿಸಿಟ್ಟ ಹಾಗೆ ಉಂಗುರಗಳು ಇರುವುದರಿಂದ ಒಣಗಿದರೂ ಕುಸಿಯುವುದಿಲ್ಲ. ಗೋಡೆಯಲ್ಲಿ ತೂತುಗಳೂ ಇವೆ. ನೀರು ತೂತಿನಿಂದ ಒಳಗೆ ಹೋಗಿ ಅಲ್ಲೇ ಕೂರುತ್ತದೆ. ಗಿಡದ ಬಹುಪಾಲು ಅಂದರೆ ಈ ಖಾಲಿ ಕೊಡಗಳೇ. ಒಣಗಿದ ಸ್ಫ್ಯಾಗ್ನಮ್ ಬಿಳಿಚಿಕೊಳ್ಳುವುದೂ ಇದಕ್ಕೇ, ಕೊಡಗಳಲ್ಲಿ ನೀರಿನ ಬದಲು ಗಾಳಿ ತುಂಬಿರುತ್ತದೆ.

ಇಳಿಬಿದ್ದ ರೆಂಬೆಗಳ ಕೆಲಸವೂ ಇದರಲ್ಲೇ ಬರುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವಂತೆ ಅವು ಕಾಂಡದ ಪಕ್ಕದಲ್ಲಿ ನೀರನ್ನು ಮೇಲಕ್ಕೆ ಎಳೆಯುತ್ತವೆ.

ಇದು ಜವುಗಿನಲ್ಲಿ ಬೆಳೆಯುವ ಪಾಚಿ, ಅಷ್ಟೇ ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ನಿಜ ಏನೆಂದರೆ, ಜವುಗು ಇದ್ದಲ್ಲಿ ಈ ಪಾಚಿ ಬರುತ್ತದೆ ಅನ್ನುವುದು ಅರ್ಧ ಕಥೆ. ಉಳಿದರ್ಧ, ಈ ಪಾಚಿ ಬಂದಲ್ಲಿ ಜವುಗು ಬೆಳೆಯುತ್ತದೆ.

ಒಂದು ಹಳೇ ಕೊಳ ಅಂದುಕೊಳ್ಳಿ. ಹಿಮಯುಗ ಮುಗಿದು ಮಂಜುಗಡ್ಡೆ ಕರಗಿದಾಗ ಐರ್ಲೆಂಡಿನ ನಡುಭಾಗದಲ್ಲಿ ಇಂಥ ಕೊಳಗಳು ಬೇಕಾದಷ್ಟು ಉಳಿದಿದ್ದವು. ದಂಡೆಯಿಂದ ಆಪು, ಜೊಂಡು ಒಳಗೆ ಬಂದು, ಸತ್ತು, ತಳದಲ್ಲಿ ತುಂಬುತ್ತ ಬಂದವು. ಕೊಳ ಆಳ ಕಳೆದುಕೊಂಡಿತು. ಆಗ ಸ್ಫ್ಯಾಗ್ನಮ್ ಕಾಲಿಟ್ಟಿತು. ಇದು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಥವನ್ನು ತನ್ನ ಕೋಶದ ಗೋಡೆಗೆ ಅಂಟಿಸಿಕೊಂಡು, ಬದಲಿಗೆ ಆಮ್ಲವನ್ನು ಹೊರಗೆ ಬಿಡುತ್ತದೆ. ಸುತ್ತಲಿನ ನೀರು ಹುಳಿಯಾಗುತ್ತ ಹೋಗುತ್ತದೆ. ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4ರ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಆ ಹುಳಿಯಲ್ಲಿ ಬೇರೆ ಗಿಡಗಳು ಸೋಲುತ್ತವೆ, ಕೊಳೆಸುವ ಬ್ಯಾಕ್ಟೀರಿಯಾ ಮಂಕಾಗುತ್ತವೆ, ಸ್ಫ್ಯಾಗ್ನಮ್ ಮಾತ್ರ ಆರಾಮಾಗಿರುತ್ತದೆ.

ಗಿಡ ತುದಿಯಲ್ಲಿ ಬೆಳೆಯುತ್ತಲೇ ಇರುತ್ತದೆ, ಬುಡ ಸಾಯುತ್ತಲೇ ಇರುತ್ತದೆ. ಸತ್ತ ಬುಡ ಕೊಳೆಯದೆ ಪದರವಾಗಿ ಉಳಿಯುತ್ತದೆ. ಸತ್ತದ್ದೂ ಸ್ಪಂಜಿನಂತೆ ನೀರು ಹಿಡಿದಿರುತ್ತದೆ. ಹೀಗೆ ಸಾವಿರಾರು ವರ್ಷ ನಡೆದರೆ ಜವುಗಿನ ನಡುಭಾಗ ಸುತ್ತಲಿನ ನೆಲಕ್ಕಿಂತ ಹಲವು ಮೀಟರ್ ಎತ್ತರಕ್ಕೆ ಉಬ್ಬುತ್ತದೆ. ನೀರು ತಗ್ಗಿಗೆ ಹರಿಯುತ್ತದೆ ಅಂತ ಕಲಿತವರಿಗೆ ದಿಬ್ಬದ ಮೇಲೆ ಜವುಗು ಇರುವುದನ್ನು ನೋಡಿದರೆ ಏನೋ ಎಡವಟ್ಟಾಗಿದೆ ಅನಿಸುತ್ತದೆ.

ಬಾಗ್, ಫೆನ್ ಅಂತ ಎರಡು ಹೇಳುತ್ತಾರಲ್ಲ, ಏನು ವ್ಯತ್ಯಾಸ?

ನೀರು ಎಲ್ಲಿಂದ ಬರುತ್ತದೆ ಅನ್ನುವುದು. ಫೆನ್‌ಗೆ ನೆಲದೊಳಗಿನ ಒರತೆ ನೀರು ಬರುತ್ತದೆ, ಜೊತೆಗೆ ಖನಿಜಾಂಶವೂ ಬರುತ್ತದೆ. ಬಾಗ್‌ಗೆ ಮಳೆನೀರೊಂದೇ ಗತಿ. ಮೇಲೆ ಹೇಳಿದ ಕೊಳ ಮೊದಲು ಫೆನ್ ಆಗಿ, ಪಾಚಿ ಉಬ್ಬಿ ಒರತೆಯ ನೀರಿಗೆ ಸಿಗದಷ್ಟು ಮೇಲೆ ಹೋದಾಗ ಬಾಗ್ ಆಯಿತು. ಸ್ಫ್ಯಾಗ್ನಮ್‌ನ ಸ್ವಂತ ಮನೆ ಬಾಗ್.

ಎಲ್ಲ ಜಾತಿಗೂ ಒಂದೇ ಥರದ ಒದ್ದೆ ಬೇಕಾ?

ಇಲ್ಲ, ಒಂದೊಂದಕ್ಕೆ ಒಂದೊಂದು ಅಂತಸ್ತು. ಬಾಗ್ ಸಪಾಟಾಗಿ ಇರುವುದಿಲ್ಲ, ಗುಪ್ಪೆ ಮತ್ತು ಗುಂಡಿಗಳಿಂದ ತುಂಬಿರುತ್ತದೆ. ಗುಂಡಿಯ ನೀರಿನಲ್ಲಿ ಕಸ್ಪಿಡೇಟಮ್. ದಂಡೆಯಲ್ಲಿ ಪ್ಯಾಪಿಲೋಸಮ್. ಗುಪ್ಪೆಯ ಮೇಲೆ ಕೆಂಪು ಕ್ಯಾಪಿಲಿಫೋಲಿಯಮ್, ಕಂದು ಫಸ್ಕಮ್. ಗುಪ್ಪೆಯವು ಒತ್ತೊತ್ತಾಗಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತವೆ, ಹಾಗೆ ನಿಂತರೇ ಅಷ್ಟು ಎತ್ತರಕ್ಕೆ ನೀರು ಎಳೆಯಲು ಸಾಧ್ಯ. ಸ್ಕ್ವಾರೋಸಮ್‌ನಂಥ ಕೆಲವು ಬಾಗ್ ಬಿಟ್ಟು, ಒದ್ದೆ ಕಾಡಿನ ನೆರಳಲ್ಲಿ, ತೊರೆಯ ಬದಿಯಲ್ಲಿ ಇರುತ್ತವೆ.

ಅಂಥ ಹುಳಿ ನೆಲದಲ್ಲಿ ಬೇರೆ ಏನಾದರೂ ಬದುಕುತ್ತದೆಯಾ?

ಮಳೆನೀರಿನಲ್ಲಿ ಗಿಡಕ್ಕೆ ಬೇಕಾದ ಸಾರಜನಕ, ರಂಜಕ ತೀರಾ ಕಡಿಮೆ. ಹಾಗಾಗಿ ಕೆಲವು ಗಿಡಗಳು ಹುಳ ಹಿಡಿದು ತಿನ್ನಲು ಕಲಿತಿವೆ. ಯುರೋಪಿನ ಬಾಗ್‌ಗಳಲ್ಲಿ ಡ್ರಾಸಿರಾ, ಉತ್ತರ ಅಮೆರಿಕದಲ್ಲಿ ಹೂಜಿಯಾಕಾರದ ಸ್ಯಾರಸೀನಿಯಾ. ಡ್ರಾಸಿರಾದ ಬೇರೆ ಜಾತಿಗಳು ನಮ್ಮ ಕರಾವಳಿಯ ಮುರಕಲ್ಲು ಪಾರೆಗಳ ಮೇಲೂ ಮಳೆಗಾಲದಲ್ಲಿ ಸಿಗುತ್ತವೆ. ಅಲ್ಲೂ ಕಾರಣ ಅದೇ: ನೀರುಂಟು, ಸಾರವಿಲ್ಲ. ಕ್ರ್ಯಾನ್‌ಬೆರಿ ಕೂಡ ಮೂಲತಃ ಬಾಗ್ ಗಿಡವೇ.

ಬೀಜವೇ ಇಲ್ಲದ ಮೇಲೆ ಹರಡುವುದು ಹೇಗೆ?

ಎರಡು ದಾರಿ. ಮೊದಲನೆಯದು ಸುಮ್ನೆ ಮುರಿದು ಬೀಳುವುದು. ಒಂದು ತುಂಡು ಕಾಂಡ ಒದ್ದೆ ಜಾಗದಲ್ಲಿ ಬಿದ್ದರೆ ಸಾಕು, ಹೊಸ ಗಿಡ.

ಎರಡನೆಯದು ಪಟಾಕಿ. ಬೇಸಿಗೆಯಲ್ಲಿ ಗಿಡದ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕಂದು ಗುಂಡುಗಳು ಮೂಡುತ್ತವೆ. ಒಳಗೆ ಬೀಜದ ಕೆಲಸ ಮಾಡುವ, ಧೂಳಿನಂಥ ಸ್ಪೋರ್‌ಗಳು, ಅವುಗಳ ಕೆಳಗೆ ಗಾಳಿ. ಬಿಸಿಲಿಗೆ ಗುಂಡು ಒಣಗುತ್ತ ಸೊಂಟ ಬಿಗಿದಂತೆ ಕುಗ್ಗಿ, ಪೀಪಾಯಿಯ ಆಕಾರಕ್ಕೆ ಬರುತ್ತದೆ. ಒಳಗಿನ ಗಾಳಿ ಒತ್ತಿಕೊಂಡು ಒತ್ತಿಕೊಂಡು ಕೊನೆಗೆ ಮುಚ್ಚಳ ಟಪ್ ಅಂತ ಹಾರುತ್ತದೆ. ಸ್ಪೋರ್‌ಗಳು 10 ಸೆಂಟಿಮೀಟರಿಗೂ ಮೇಲೆ ಚಿಮ್ಮುತ್ತವೆ. ಇಷ್ಟು ಸಣ್ಣ ಧೂಳನ್ನು ಎಷ್ಟು ಜೋರಾಗಿ ಎಸೆದರೂ ಗಾಳಿಯ ತಡೆಗೆ ಅಲ್ಲೇ ನಿಂತುಬಿಡಬೇಕಿತ್ತು. ಅದು ಹೇಗೆ ಮೇಲೇರುತ್ತದೆ ಅನ್ನುವುದು 2010ರಲ್ಲಿ ವೇಗದ ಕ್ಯಾಮೆರಾದಲ್ಲಿ ಗೊತ್ತಾಯಿತು. ಬೀಡಿ ಸೇದುವವರು ಹೊಗೆಯಲ್ಲಿ ಉಂಗುರ ಬಿಡುತ್ತಾರಲ್ಲ, ಅಂಥದೇ ಸುಳಿ ಉಂಗುರ ಇಲ್ಲೂ ಹುಟ್ಟಿ ಸ್ಪೋರ್‌ಗಳನ್ನು ಹೊತ್ತು ಮೇಲೇರುತ್ತದೆ. ನೆಲಕ್ಕಂಟಿದ ಗಿಡಕ್ಕೆ ಆ ಹತ್ತು ಸೆಂಟಿಮೀಟರೇ ದೊಡ್ಡದು, ಅಲ್ಲಿಂದ ಮುಂದೆ ಗಾಳಿ ಕೊಂಡೊಯ್ಯುತ್ತದೆ.

ಪೀಟ್ ಅಂದರೆ ಇದೇನಾ? ಅದಕ್ಕೇಕೆ ಅಷ್ಟು ಗಲಾಟೆ?

ಆ ಕೊಳೆಯದ ಪದರವೇ ಪೀಟ್. ಹೆಚ್ಚುಕಡಿಮೆ ವರ್ಷಕ್ಕೆ 1 ಮಿಲಿಮೀಟರ್ ಬೆಳೆಯುತ್ತದೆ. ಒಂದು ಮೀಟರ್ ಆಳಕ್ಕೆ ಅಗೆದರೆ ಸಾವಿರ ವರ್ಷ ಹಿಂದೆ ಹೋದ ಹಾಗೆ. ಐರ್ಲೆಂಡಿನಲ್ಲಿ ಇದನ್ನು ಇಟ್ಟಿಗೆಯಾಗಿ ಕೊಯ್ದು, ಒಣಗಿಸಿ, ಬೆರಣಿಯಂತೆ ಒಲೆಗೆ ಹಾಕುತ್ತಿದ್ದರು. ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿಗೆ ಹೊಗೆ ವಾಸನೆ ಬರುವುದೂ ಪೀಟ್‌ನಿಂದ.

ಗಲಾಟೆ ಇಂಗಾಲದ್ದು. ಪೀಟ್ ನೆಲ ಭೂಮಿಯ ನೆಲಭಾಗದಲ್ಲಿ ಸುಮಾರು 3% ಮಾತ್ರ, ಆದರೂ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಜಾಸ್ತಿ ಇಂಗಾಲ ಅದರಲ್ಲಿದೆ. ಸೈಬೀರಿಯಾದ ವಾಸ್ಯುಗಾನ್ ಜವುಗೊಂದೇ ಸುಮಾರು 53,000 ಚದರ ಕಿಲೋಮೀಟರ್, ಕರ್ನಾಟಕದ ಕಾಲು ಭಾಗಕ್ಕಿಂತ ದೊಡ್ಡದು. ಚರಂಡಿ ತೋಡಿ ನೀರು ಬಸಿದರೆ ಗಾಳಿ ಒಳಗೆ ಹೋಗುತ್ತದೆ, ಸಾವಿರಾರು ವರ್ಷ ಕೊಳೆಯದೆ ಇದ್ದದ್ದು ಕೊಳೆಯಲು ಶುರುವಾಗುತ್ತದೆ, ಒಳಗಿದ್ದ ಇಂಗಾಲ ಗಾಳಿಗೆ ಸೇರಿ ಭೂಮಿಯ ಬಿಸಿ ಏರಿಸುತ್ತದೆ. ಬೆಂಕಿ ಬಿದ್ದರಂತೂ ನೆಲದೊಳಗೇ ತಿಂಗಳುಗಟ್ಟಲೆ ಹೊಗೆಯಾಡುತ್ತದೆ. 2010ರಲ್ಲಿ ಮಾಸ್ಕೋ ಹೊಗೆಯಲ್ಲಿ ಮುಳುಗಿದ್ದು ನೆನಪಿದೆಯಾ? ಹಿಂದೆ ನೀರು ಬಸಿದಿದ್ದ ಪೀಟ್ ನೆಲಗಳ ಬೆಂಕಿಯೂ ಅದರಲ್ಲಿತ್ತು. ಐರ್ಲೆಂಡಿನ ಸರ್ಕಾರಿ ಕಂಪನಿ ಬೋರ್ಡ್ ನಾ ಮೋನಾ 2021ರ ಜನವರಿಯಲ್ಲಿ ಪೀಟ್ ತೆಗೆಯುವುದನ್ನೇ ನಿಲ್ಲಿಸಿದ್ದಾಗಿ ಹೇಳಿತು.

ಒದ್ದೆ ಜವುಗು ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಬಿಡುತ್ತದೆ ಅನ್ನುವುದೂ ನಿಜ. ಹಾಗಂತ ಒಣಗಿಸಿದರೆ ಲಾಭವಿಲ್ಲ, ಬಹುಕಾಲದ ಲೆಕ್ಕದಲ್ಲಿ ಅದು ನಷ್ಟವೇ.

ಜವುಗಿನಲ್ಲಿ ಹೆಣ ಕೊಳೆಯುವುದಿಲ್ಲವಂತೆ, ಹೌದಾ?

ಹೌದು. 1950ರ ಮೇ ತಿಂಗಳಲ್ಲಿ ಡೆನ್ಮಾರ್ಕಿನ ಸಿಲ್ಕೆಬೋರ್ ಊರಿನ ಹತ್ತಿರ ಪೀಟ್ ಅಗೆಯುತ್ತಿದ್ದವರಿಗೆ ಒಂದು ಹೆಣ ಸಿಕ್ಕಿತು. ಇತ್ತೀಚಿನ ಕೊಲೆ ಅಂದುಕೊಂಡು ಪೊಲೀಸರನ್ನು ಕರೆಸಿದರು. ತಲೆಗೆ ಚರ್ಮದ ಟೋಪಿ, ಕೊರಳಲ್ಲಿ ಹೆಣೆದ ಚರ್ಮದ ಹಗ್ಗ, ಗಲ್ಲದ ಮೇಲೆ ಕುರುಚಲು ಗಡ್ಡ. ನೋಡಿದರೆ ಆತ ಸತ್ತು ಸುಮಾರು 2,400 ವರ್ಷ ಆಗಿತ್ತು. ಟೊಲುಂಡ್ ಮನುಷ್ಯ ಅಂತ ಹೆಸರು. ಹೊಟ್ಟೆಯಲ್ಲಿ ಬಾರ್ಲಿ, ಅಗಸೆ ಬೀಜ ಹಾಕಿದ ಗಂಜಿ ಇನ್ನೂ ಇತ್ತು.

ತಂಪು, ಹುಳಿ, ಗಾಳಿ ಇಲ್ಲದಿರುವುದು, ಜೊತೆಗೆ ಸ್ಫ್ಯಾಗ್ನಮ್ ಬಿಡುವ ಕೆಲವು ವಸ್ತುಗಳು ಸೇರಿ ಚರ್ಮವನ್ನು ಹದ ಹಾಕಿಬಿಡುತ್ತವೆ. ಮೂಳೆಯ ಸುಣ್ಣ ಮಾತ್ರ ಆಮ್ಲಕ್ಕೆ ಕರಗುತ್ತದೆ. ಸುಣ್ಣದ ಒರತೆ ಇರುವ ಫೆನ್‌ನಲ್ಲಿ ಇದು ತಿರುಗುಮುರುಗು: ಮೂಳೆ ಉಳಿಯುತ್ತದೆ, ಚರ್ಮ ಹೋಗುತ್ತದೆ. ಐರ್ಲೆಂಡಿನ ಬಾಗ್‌ಗಳಲ್ಲಿ ಹಿಂದಿನವರು ಹೂತಿಟ್ಟ ಬೆಣ್ಣೆಯೂ ಎಷ್ಟೋ ಕಡೆ ಸಿಕ್ಕಿದೆ. ಫ್ರಿಜ್ ಇಲ್ಲದ ಕಾಲದ ಬುದ್ಧಿ.

ಗಾಯಕ್ಕೆ ಕಟ್ಟಬಹುದು ಅಂತ ಕೇಳಿದ್ದೆ?

ಕಟ್ಟುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಹತ್ತಿಗೆ ಬರ ಬಂತು, ಸಿಡಿಮದ್ದಿಗೂ ಹತ್ತಿಯೇ ಬೇಕಿತ್ತು. ಎಡಿನ್‌ಬರೊದ ಶಸ್ತ್ರವೈದ್ಯ ಚಾರ್ಲ್ಸ್ ಕ್ಯಾತ್‌ಕಾರ್ಟ್ ಈ ಪಾಚಿಯನ್ನು ಬಳಸೋಣ ಅಂದ. ಹಳ್ಳಿ ಹೆಂಗಸರು, ಮಕ್ಕಳು ಬೆಟ್ಟದಿಂದ ಪಾಚಿ ಕಿತ್ತು, ಕಸ ಆರಿಸಿ, ಮಸ್ಲಿನ್ ಚೀಲಕ್ಕೆ ತುಂಬಿ ಕಳಿಸಿದರು. 1918ರ ಹೊತ್ತಿಗೆ ಬ್ರಿಟನ್ನಿನಿಂದ ತಿಂಗಳಿಗೆ ಸುಮಾರು ಹತ್ತು ಲಕ್ಷ ಪಟ್ಟಿ ಹೋಗುತ್ತಿತ್ತು.

ಈಗ ನೀವು ಮನೆಯಲ್ಲಿ ಮಾಡಬೇಡಿ. ಅಂಗಡಿಯ ಪಾಚಿಯಲ್ಲಿ ಸ್ಪೋರೋಥ್ರಿಕ್ಸ್ ಅನ್ನುವ ಶಿಲೀಂಧ್ರ ಇರಬಹುದು, ಅದು ಚರ್ಮದ ಗೀರಿನಿಂದ ಒಳಗೆ ಹೋಗಿ ಮಾಯದ ಹುಣ್ಣು ಮಾಡುತ್ತದೆ. 1988ರಲ್ಲಿ ಅಮೆರಿಕದಲ್ಲಿ, ಈ ಪಾಚಿಯಲ್ಲಿ ಸುತ್ತಿದ ಸಸಿಗಳನ್ನು ಮುಟ್ಟಿದವರ ಪೈಕಿ 80ಕ್ಕೂ ಜಾಸ್ತಿ ಜನರಿಗೆ ಹೀಗಾಯಿತು. ಕೈಗವಸು ಹಾಕಿಕೊಳ್ಳಿ. ಧೂಳು ಏಳದ ಹಾಗೆ ಮೊದಲು ನೀರು ಚಿಮುಕಿಸಿ.

ಕರ್ನಾಟಕದಲ್ಲಿ ಇಂಥ ಜವುಗು ಇದೆಯಾ?

ಐರ್ಲೆಂಡಿನ ಥರದ್ದು ಇಲ್ಲ. ಭಾರತದಲ್ಲಿ ಸ್ಫ್ಯಾಗ್ನಮ್ ನೋಡಬೇಕಾದರೆ ಡಾರ್ಜಿಲಿಂಗ್, ಸಿಕ್ಕಿಂ ಕಡೆ ಹೋಗಬೇಕು. ನಮ್ಮಲ್ಲಿ ಮಳೆಗೇನೂ ಕೊರತೆ ಇಲ್ಲ, ಆಗುಂಬೆಯಲ್ಲಿ ಸುರಿಯುವಷ್ಟು ಡಬ್ಲಿನ್‌ನಲ್ಲಿ ಸುರಿಯುವುದೇ ಇಲ್ಲ. ಆದರೆ ನಮ್ಮದು ನಾಲ್ಕು ತಿಂಗಳು ಹೊಡೆದು ಆಮೇಲೆ ಬಿಸಿಲು. ಸ್ಫ್ಯಾಗ್ನಮ್‌ಗೆ ವರ್ಷವಿಡೀ ಜಿಟಿಜಿಟಿ ಬೇಕು, ತಂಪೂ ಬೇಕು. ಸಿದ್ದಾಪುರದ ಕತ್ತಲೆಕಾನಿನಲ್ಲಿ ರಾಮಪತ್ರೆ ಮರಗಳ ಜವುಗು ಇದೆ, ಮಡಚಿದ ಮಂಡಿಯಂತೆ ಬೇರುಗಳು ಕೆಸರಿನಿಂದ ಮೇಲೆದ್ದಿರುತ್ತವೆ. ತುಂಬಾ ಅಪರೂಪದ್ದೇ, ಆದರೆ ಅದು ಮರಗಳ ಜವುಗು.

ಪಕ್ಕದ ನೀಲಗಿರಿಯ ಎತ್ತರದ ಕಣಿವೆಗಳಲ್ಲಿ ಮಾತ್ರ ಪೀಟ್ ಇದೆ. ಹೆಚ್ಚಾಗಿ ಹುಲ್ಲು, ಜೇಕಿನಿಂದ ಆದದ್ದು. ಬೆಂಗಳೂರಿನ ಐಐಎಸ್‌ಸಿಯ ರಾಮನ್ ಸುಕುಮಾರ್ ಮತ್ತು ಜೊತೆಗಾರರು ಆ ಪೀಟ್‌ನ ಇಂಗಾಲ ಪರೀಕ್ಷಿಸಿ, ಕಳೆದ 20,000 ವರ್ಷಗಳಲ್ಲಿ ಇಲ್ಲಿ ಯಾವಾಗ ಒಣ ಕಾಲ, ಯಾವಾಗ ಮಳೆ ಕಾಲ ಇತ್ತು ಅಂತ 1993ರಲ್ಲಿ ಬರೆದರು.

ಸ್ಫ್ಯಾಗ್ನಮ್ ಮಾಸ್, ಪೀಟ್ ಮಾಸ್, ಕೋಕೋಪೀಟ್: ಮೂರೂ ಒಂದೇನಾ?

ಬೇರೆ ಬೇರೆ. ಉದ್ದ ಎಳೆಯ, ಬಿಳಿಚಿದ ಒಣ ಪಾಚಿ ಸ್ಫ್ಯಾಗ್ನಮ್ ಮಾಸ್. ಕಂದು ಪುಡಿ ಪೀಟ್ ಮಾಸ್, ಅದೇ ಪಾಚಿಯ ಸಾವಿರ ವರ್ಷ ಹಳೇ ರೂಪ. ಕೋಕೋಪೀಟ್‌ಗೂ ಪಾಚಿಗೂ ಸಂಬಂಧವೇ ಇಲ್ಲ, ಅದು ತೆಂಗಿನ ನಾರು ಬಿಡಿಸಿದಾಗ ಉದುರುವ ಪುಡಿ. ಕುಂಡಕ್ಕೆ, ಸಸಿ ಟ್ರೇಗೆ ಕೋಕೋಪೀಟ್ ಸಾಕು. ತಿಪಟೂರು, ಅರಸೀಕೆರೆ ನಮ್ಮಲ್ಲೇ ಇರುವಾಗ ಹಡಗಿನಲ್ಲಿ ಬಂದ ಪೀಟ್ ಯಾಕೆ ಬೇಕು? ಉಪ್ಪಿನಂಶ ಹೋಗಲು ಎರಡು ಸಲ ತೊಳೆದುಕೊಳ್ಳಿ.

ಆರ್ಕಿಡ್‌ಗೆ ಬಳಸುವುದು ಹೇಗೆ?

ಸಡಿಲವಾಗಿ. ನಾನು ಮೊದಲ ಸಲ ಕುಂಡಕ್ಕೆ ಉಪ್ಪಿನಕಾಯಿ ಭರಣಿ ತುಂಬುವ ಹಾಗೆ ಒತ್ತಿ ತುಂಬಿದೆ. ದಿನಾ ನೀರೂ ಹಾಕಿದೆ. ಮೂರು ವಾರಕ್ಕೆ ಎಲೆ ಜೋಲುಬಿತ್ತು, ಬಿಚ್ಚಿ ನೋಡಿದರೆ ಬೇರೆಲ್ಲ ಕೊಳೆತ ಈರುಳ್ಳಿ ಸಿಪ್ಪೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮೇಲ್ಪದರ ಬೆರಳಿಗೆ ಗರಿಗರಿ ಅನಿಸಿದ ಮೇಲೆ ನೀರು ಹಾಕಿ. ಒಂದೆರಡು ವರ್ಷಕ್ಕೊಮ್ಮೆ ಪಾಚಿ ಬದಲಿಸಿ.

ಬೋರ್‌ವೆಲ್ ನೀರು ನಡೆಯುತ್ತಾ?

ಜೀವಂತ ಸ್ಫ್ಯಾಗ್ನಮ್ ಬೆಳೆಸುವುದಾದರೆ ಖಂಡಿತ ಬೇಡ. ಬೆಂಗಳೂರಿನ ಬೋರ್ ನೀರಿನಲ್ಲಿ ಸುಣ್ಣ ಜಾಸ್ತಿ, ಬಕೆಟ್ಟಿಗೆ ಬಿಳಿ ಕಟ್ಟುವುದು ಅದೇ. ಮಳೆನೀರು ಕುಡಿದು ಬೆಳೆದ ಪಾಚಿಗೆ ಅದು ವಿಷ. ಮಳೆನೀರು ಹಿಡಿದಿಡಿ, ಇಲ್ಲವೇ ಆರ್‌ಒ ಫಿಲ್ಟರಿನ ಒಳ್ಳೆಯ ನೀರು ಹಾಕಿ, ಫಿಲ್ಟರ್ ಹೊರಗೆ ಚೆಲ್ಲುವ ನೀರಲ್ಲ.

ಅಕ್ವೇರಿಯಂನ ಜಾವಾ ಮಾಸ್ ಇದೇ ಕುಟುಂಬನಾ?

ಅಲ್ಲ. ಅದು ಬೇರೆ ಕುಟುಂಬದ ಮಾಸ್.

ಹಾಳಾದ ಜವುಗು ಮತ್ತೆ ಸರಿಯಾಗುತ್ತದೆಯಾ?

ಮೊದಲ ಕೆಲಸ ಚರಂಡಿ ಮುಚ್ಚುವುದು. ಕೆನಡಾದಲ್ಲಿ ಅದರ ಜೊತೆಗೆ, ಚೆನ್ನಾಗಿರುವ ಬಾಗ್‌ನ ಮೇಲ್ಪದರ ತಂದು ತುಂಡು ಮಾಡಿ ಹರಡಿ, ಮೇಲೆ ಒಣಹುಲ್ಲು ಹೊದಿಸುತ್ತಾರೆ. ಪಾಚಿ ಕೆಲವೇ ವರ್ಷದಲ್ಲಿ ಹಸಿರು ಹೊದಿಕೆ ಹಾಸುತ್ತದೆ. ಹೋದ ಪೀಟ್ ಮಾತ್ರ ಮತ್ತೆ ಮಿಲಿಮೀಟರ್ ಲೆಕ್ಕದಲ್ಲೇ ಬರಬೇಕು.

ಸ್ಕಾಟ್ಲೆಂಡಿನ ಫ್ಲೋ ಕಂಟ್ರಿಯಲ್ಲಿ 1980ರ ದಶಕದಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಜವುಗು ಬಸಿದು ಪೈನ್, ಸ್ಪ್ರೂಸ್ ನೆಟ್ಟಿದ್ದರು. ಈಗ ಆ ಮರಗಳನ್ನೇ ಕಡಿದು ನೀರು ನಿಲ್ಲಿಸುತ್ತಿದ್ದಾರೆ. ಜವುಗಿಗಾಗಿ ಮರ ಕಡಿಯುವುದು ಕೇಳಲು ವಿಚಿತ್ರ, ಅಲ್ವಾ? 2024ರ ಜುಲೈನಲ್ಲಿ ಫ್ಲೋ ಕಂಟ್ರಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಆ ಸಭೆ ನಡೆದದ್ದು ನಮ್ಮ ದೆಹಲಿಯಲ್ಲಿ.

ಬಾಗ್ ಮೇಲೆ ನಡೆದರೆ ಹೂತುಹೋಗುತ್ತೇವಾ?

ದಾರಿ ಬಿಟ್ಟರೆ ಹೂತುಕೊಳ್ಳಬಹುದು. ಡಬ್ಲಿನ್‌ನಲ್ಲಿರುವ ತಂಗಿಯ ಮನೆಗೆ ಹೋದಾಗ ವಿಕ್ಲೋ ಬೆಟ್ಟದ ಜೌಸ್ ಶಿಖರದ ದಾರಿಯಲ್ಲಿ ನಡೆದೆವು. ಜವುಗಿನ ಮೇಲೆ ಹಳೇ ರೈಲ್ವೆ ಸ್ಲೀಪರ್ ಹಲಗೆಗಳನ್ನು ಹಾಸಿದ್ದಾರೆ, ಮಳೆಗಾಲದಲ್ಲಿ ನಮ್ಮೂರ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿದ ಹಾಗೆ. "ಅಕ್ಕಾ, ಹಲಗೆ ಬಿಟ್ಟು ಇಳೀಬೇಡ" ಅಂತ ಅವಳು ಹೇಳುತ್ತಲೇ ಇದ್ದಳು. ನಾನು ಬದಿಯ ಗುಪ್ಪೆಯೊಂದಕ್ಕೆ ಕೈ ಚಾಚಿ ಒತ್ತಿದೆ. ಕೈ ಮಣಿಕಟ್ಟಿನವರೆಗೆ ಇಳಿಯಿತು, ಬೆರಳ ಸಂದಿಯಿಂದ ಟೀ ಡಿಕಾಕ್ಷನ್ ಬಣ್ಣದ ತಣ್ಣನೆ ನೀರು ಉಕ್ಕಿತು. ಕೈ ತೆಗೆದ ಮೇಲೆ ಗುಪ್ಪೆ ನಿಧಾನಕ್ಕೆ ಮತ್ತೆ ಉಬ್ಬಿ ನಿಂತಿತು. ನೋಡುತ್ತ ಎದ್ದವಳು ಒಂದು ಕಾಲು ಹಲಗೆಯಾಚೆ ಇಟ್ಟುಬಿಟ್ಟೆ. ಆ ಶೂ ಒಣಗಲು ನಾಲ್ಕು ದಿನ ಬೇಕಾಯಿತು.